ಹದಿನಾರು ಗೆಲುವುಗಳ ಕೊಳೆ

ಮಿನಾಸೆ ಬಂದರಿನಲ್ಲಿ ಇಸೊಗಾಯಿ ತೊಮೆಯ ಕಣ್ಣು ತಪ್ಪಿಸಿ ಬದುಕಿದ ಕಲೆ ಒಂದೂ ಇರಲಿಲ್ಲ. ಬೀದಿಯಲ್ಲಿ ಯಾರಾದರೂ ಎದುರಾದರೆ ಅವಳು ಮೊದಲು ಕಾಲರು ನೋಡುವಳು, ಆಮೇಲೆ ತೋಳಿನ ಅಂಚು, ಆಮೇಲೆ ಮೊಣಕಾಲು. ಸಮಯ ಉಳಿದರೆ ಮುಖ. ಗುಡಿಯ ಪೂಜಾರಿಯೂ ಅವಳನ್ನು ದೂರದಿಂದ ಕಂಡೊಡನೆ ನಿಲುವಂಗಿಯ ತೋಳು ಮಡಚಿ, ಹಿಂದಿನ ಸಂಜೆ ಸಾಕೆ ಎಂಬ ಅಕ್ಕಿಹೆಂಡ ಚೆಲ್ಲಿಕೊಂಡ ಜಾಗವನ್ನು ಒಳಗೆ ಸೇರಿಸಿಬಿಡುತ್ತಿದ್ದ.

ವಯಸ್ಸು ಐವತ್ತೆರಡು. ಎತ್ತರ ನಾಲ್ಕೂವರೆ ಅಡಿ. ಮುಂಗೈ ಮಾತ್ರ ಹಡಗಿನ ಹಗ್ಗ ಎಳೆಯುವವರದು. ಗಂಡನನ್ನೂ ಅವನ ದೋಣಿಯನ್ನೂ ಕಡಲು ಒಂದೇ ದಿನ ತೆಗೆದುಕೊಂಡಿತ್ತು. ಯುದ್ಧದ ಉದ್ದಕ್ಕೂ ಆಸ್ಪತ್ರೆಯ ಹೊದಿಕೆಗಳನ್ನು ಒಗೆದಳು. ರಕ್ತಕ್ಕೆ ತಣ್ಣೀರು ಮತ್ತು ತುರಿದ ಮೂಲಂಗಿ, ಎಣ್ಣೆಗೆ ಬೂದಿನೀರು, ಬೆವರಿಗೆ ಅಕ್ಕಿತೌಡಿನ ಚೀಲ, ಹುಲ್ಲಿನ ಹಸಿರಿಗೆ ಬರೀ ತಾಳ್ಮೆ. ಇಷ್ಟು ಅವಳ ವೇದ. ಸೋಪು ಸಿಗದ ಆ ದಿನಗಳಲ್ಲಿ ಕಲಿತದ್ದನ್ನು ಸೋಪು ಸಿಕ್ಕ ಮೇಲೂ ಅವಳು ಬಿಡಲಿಲ್ಲ.

ಯುದ್ಧ ಮುಗಿದ ಐದನೆಯ ವರ್ಷ ಊರಿನ ಮೀನು ಡಬ್ಬಿ ಕಾರ್ಖಾನೆಯವರು ವೃತ್ತಿಪರ ಬೇಸ್‌ಬಾಲ್ ತಂಡ ಕಟ್ಟಿದರು. ಬೇರೆ ಊರಿನವರು ಹುಲಿ, ಸಿಂಹ, ಗಿಡುಗ ಎಂದೆಲ್ಲ ಹೆಸರಿಟ್ಟುಕೊಂಡರೆ, ನಮ್ಮವರು ಡಬ್ಬಿಯ ಮೇಲೆ ಅಚ್ಚಾಗಿದ್ದ ಹೆಸರನ್ನೇ ಎದೆಯ ಮೇಲೂ ಹೊಲಿಸಿದರು: ಬೂತಾಯಿ, ಡಬ್ಬಿಗೆ ತುಂಬುವ ಅದೇ ಪುಟ್ಟ ಮೀನು. ಬೂತಾಯಿಗಳು ಮೊದಲ ನಾಲ್ಕು ವರ್ಷ ಹೆಸರಿಗೆ ತಕ್ಕಂತೆ ಸಿಕ್ಕಸಿಕ್ಕವರ ಬಾಯಿಗೆಲ್ಲ ಬಿದ್ದರು. ಆದರೆ ಅವರಷ್ಟು ಬೆಳ್ಳಗೆ ಸೋತ ತಂಡ ಇಡೀ ಲೀಗಿನಲ್ಲಿ ಇರಲಿಲ್ಲ. ಅದು ತೊಮೆಯ ಕೈಚಳಕ. ಇಪ್ಪತ್ತೆರಡು ಜೊತೆ ಫ್ಲಾನಲ್ ಅಂಗಿ, ಚಲ್ಲಣ. ನೆನೆದರೆ ಒಂದೊಂದೂ ಮೂರು ವರ್ಷದ ಮಗುವಿನ ಭಾರ. ಮೈದಾನದ ಹಿಂಬದಿಯ ಒಂದು ಕೋಣೆ, ಎದುರಿಗೊಂದು ಬಾವಿ, ಉದ್ದಕ್ಕೆ ಬಿದಿರ ಗಳ. ಅದೇ ಅವಳ ಮನೆ, ಅದೇ ಅವಳ ಸಾಮ್ರಾಜ್ಯ. ಅದನ್ನು ಬಿಟ್ಟರೆ ಹೋಗಲು ಅವಳಿಗೆ ಬೇರೆ ಸೂರಿರಲಿಲ್ಲ.

ತಂಡದ ಐದನೆಯ ವರ್ಷದ ಸೆಪ್ಟೆಂಬರಿನಲ್ಲಿ ಅವಳು ಅಣ್ಣನ ಮಗಳ ಮದುವೆಗೆಂದು ಎರಡು ದಿನ ಊರಾಚೆ ಹೋದಳು. ಹಿಂತಿರುಗಿ ಬುಟ್ಟಿ ಹಿಡಿದು ಆಟಗಾರರ ಕೋಣೆಗೆ ಹೋದರೆ ಬಾಗಿಲಲ್ಲೇ ತಂಡವನ್ನು ಆಡಿಸುವ ಯಜಮಾನ ಕುರೊಮಿಜು ಗೆನ್‌ಪಾಚಿ ಅಡ್ಡ ನಿಂತಿದ್ದ. ಈ ಮನುಷ್ಯ ಮೈದಾನಕ್ಕೆ ಬಲಗಾಲಿಟ್ಟು ಇಳಿಯುವವ, ಗೆದ್ದ ದಿನ ತಿಂದ ನೂಡಲನ್ನೇ ಸೋಲುವ ತನಕ ಮೂರು ಹೊತ್ತೂ ತಿನ್ನುವವ, ನಮ್ಮ ಮಾತಿನಲ್ಲಿ ಸಾವಿನ ಸದ್ದೇ ಬರುವ ನಾಲ್ಕು ಎಂಬ ಅಂಕಿ ಕಂಡರೆ ದಾರಿ ಬದಲಿಸುವವ.

"ಬುಟ್ಟಿ ಕೆಳಗಿಡಮ್ಮ ತೊಮೆ."

"ಯಾಕೆ ಯಜಮಾನ್ರೇ? ಎರಡು ದಿನದ ಬೆವರು ಕೂತಿದೆ."

"ಬೆವರಲ್ಲ ಅದು, ಗೆಲುವು. ನೀನು ಊರಲ್ಲಿರ್ಲಿಲ್ಲ, ಬಟ್ಟೆ ಒಗೀಲಿಲ್ಲ, ಎರಡೂ ಆಟ ಗೆದ್ವಿ. ಅದಕ್ಕೆ ಮುಂಚೆ ನೀನಿದ್ದೆ, ಐದು ಸೋತ್ವಿ. ನೀನೇ ಕೂಡಿಸಿ ನೋಡು."

"ಅಂದ್ರೆ ನಾಲ್ಕು ವರ್ಷದಿಂದ ಸೋತಿದ್ದೂ ನನ್ನ ಸೋಪಿನಿಂದಾನಾ?"

ಕುರೊಮಿಜು ಗದ್ದ ಕೆರೆದುಕೊಂಡ. "ಅದನ್ನ ಬಾಯಿಬಿಟ್ಟು ಹೇಳ್ಬಾರ್ದು ಅಂತಿದ್ದೆ."

ಆಮೇಲೆ ಆಜ್ಞೆ ಹೊರಟಿತು. ಸೋಲುವ ತನಕ ಬಟ್ಟೆಗೆ ನೀರಿನ ಹನಿ ತಾಕಕೂಡದು. ತಾಕಿಸಿದವರು ಯಾರೇ ಆಗಲಿ, ಅವತ್ತೇ ಗಂಟುಮೂಟೆ ಸಮೇತ ಗೇಟಿನಾಚೆ. ಆ ವರ್ಷ ಚಂಡಮಾರುತದಿಂದ ನಿಂತುಹೋದ ಆಟಗಳೆಲ್ಲ ಕೊನೆಗೆ ಬಂದು ಕೂತಿದ್ದವು, ಇನ್ನು ಉಳಿದ ಹದಿನೈದೂ ಮಿನಾಸೆಯಲ್ಲೇ ನಡೆಯಬೇಕಿತ್ತು. ಪಟ್ಟಿಯ ತುದಿಯಲ್ಲಿದ್ದ ಗಿಡುಗ ತಂಡಕ್ಕಿಂತ ನಮ್ಮವರು ಎಂಟು ಗೆಲುವು ಹಿಂದೆ. ಇನ್ನು ಎಷ್ಟು ದಿನ ಗೆದ್ದಾರು, ನಾಳೆಯೋ ನಾಡಿದ್ದೋ ಸೋತು ಬಟ್ಟೆ ನನ್ನ ಕೈಗೆ ಬಂದೇ ಬರುತ್ತದೆ ಎಂದು ತೊಮೆ ಸಮಾಧಾನ ತಂದುಕೊಂಡಳು.

ಬೂತಾಯಿಗಳು ಸೋಲಲಿಲ್ಲ. ಮೂರನೆಯದೂ ಗೆದ್ದರು, ನಾಲ್ಕನೆಯದೂ ಗೆದ್ದರು. ಸೆಪ್ಟೆಂಬರಿನ ಸೆಕೆಗೆ ಬಟ್ಟೆಗಳು ಹಣ್ಣಾಗತೊಡಗಿದವು. ಐದನೆಯ ಆಟದ ಹೊತ್ತಿಗೆ ಅಂಪೈರ್, ಹೊಡೆಯುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಬೆನ್ನಿಗೆ ಅಂಟಿ ನಿಲ್ಲುವುದನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಿದ್ದ. ಎದುರಾಳಿಗಳು ಮೊದಲ ಬೇಸ್ ತಲುಪಿದರೂ ಅಲ್ಲಿ ನಮ್ಮವನ ಪಕ್ಕ ನಿಲ್ಲಲಾರದೆ ಎರಡನೆಯದಕ್ಕೆ ಅವಸರದಿಂದ ಓಡಿ ಔಟಾಗುತ್ತಿದ್ದರು. ಇತಿಹಾಸದಲ್ಲಿ ಬಿಲ್ಲಿನಿಂದ ಗೆದ್ದವರಿದ್ದಾರೆ, ಫಿರಂಗಿಯಿಂದ ಗೆದ್ದವರಿದ್ದಾರೆ. ಕಂಕುಳಿಂದ ಗೆದ್ದವರು ನಮ್ಮವರೇ ಮೊದಲು.

ಊರು ಕುಣಿಯುತ್ತಿತ್ತು. ತೊಮೆ ಮಾತ್ರ ಕೈಗೆ ಕೆಲಸವಿಲ್ಲದೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ ಕೂತಳು. ತುತ್ತೂರಿ ಊದಿಕೊಂಡು ಬಂದ ತೋಫು ಮಾರುವ ಸೆಂಗೊರೊ ನಿಂತು ನೋಡಿದ.

"ತೊಮೆಕ್ಕ, ಅದು ನಿನ್ನ ಬಾಗಿಲ ಪರದೆ ಅಲ್ವಾ? ಬೆಳಿಗ್ಗೆನೂ ಅದನ್ನೇ ಒಗೀತಿದ್ದೆ."

"ಕೊಳೆ ಇತ್ತು."

"ಪರದೆಗೆ ಬಾಯಿದ್ದಿದ್ರೆ ಪೊಲೀಸರಿಗೆ ದೂರು ಕೊಡ್ತಿತ್ತು."

"ನಿನ್ನ ಏಪ್ರನ್ನಿಗೂ ಬಾಯಿಲ್ಲ, ಅದಕ್ಕೇ ಬಚಾವಾಗಿದ್ದೀಯ. ಬಿಚ್ಚಿ ಕೊಡು ಇಲ್ಲಿ!"

ಸೆಂಗೊರೊ ತುತ್ತೂರಿ ಊದುವುದನ್ನೂ ಮರೆತು ಓಡಿದ.

ಆರನೆಯ ಗೆಲುವಿನ ಸಂಜೆ ಎಲ್ಲರೂ ಬಟ್ಟೆ ಬಿಚ್ಚಿ ಗೂಟಕ್ಕೆ ನೇತುಹಾಕಿ ಸ್ನಾನದ ಮನೆಗೆ ಹೋದರು. ಕೋಣೆಯ ಬೀಗದ ಕೈ ತೊಮೆಯದು. ಬೀಗ ಹಾಕಲು ಹೋದವಳು ಚೆಂಡೆಸೆಯುವ ಪಿಚರ್ ನುಕಾದಾನ ಅಂಗಿಯ ಎದುರು ನಿಂತುಬಿಟ್ಟಳು. ಎಡ ಕಂಕುಳಲ್ಲಿ ಒಂದು ಕಲೆ. ಮಣ್ಣಲ್ಲ, ಬೆವರಲ್ಲ. ಆಸ್ಪತ್ರೆಯ ಆ ವರ್ಷಗಳಲ್ಲಿ ಸಾವಿರ ಸಲ ಕಂಡ ಕಲೆ. ಅಷ್ಟರಲ್ಲಿ ನುಕಾದಾ ಮರೆತ ಟವೆಲ್ಲಿಗಾಗಿ ಒಳಗೆ ಬಂದ. ಆರಡಿಯ ಆಳು, ಎಡಗೈಯಲ್ಲಿ ಚೆಂಡೆಸೆದರೆ ಗಾಳಿಯೇ ದಾರಿ ಬಿಡುತ್ತಿತ್ತು.

"ಕೈ ಎತ್ತು ನೋಡೋಣ."

"ಏನೂ ಇಲ್ಲ ಚಿಕ್ಕಮ್ಮ."

"ಎತ್ತು ಅಂದ್ನಲ್ಲ."

ಎತ್ತಿದ. ಉಪ್ಪು ಕಟ್ಟಿ ಮರಳುಕಾಗದದಂತಾದ ಫ್ಲಾನಲ್ಲು ಚರ್ಮವನ್ನು ಅಂಗೈಯಗಲ ತಿಂದುಹಾಕಿತ್ತು.

"ಹಿಂಗಾದ್ರೆ ಎಷ್ಟು ದಿನ ಎಸೀತೀಯ?"

"ಇನ್ನೊಂದೆರಡು ಆಟ. ಆಮೇಲೆ ಬಲಗೈ ಅಭ್ಯಾಸ ಮಾಡ್ಕೋತೀನಿ."

"ಯಜಮಾನ್ರಿಗೆ ಹೇಳು."

"ಹೇಳ್ದೆ. ಇದು ಗೆಲುವಿನ ಗಾಯ, ಮುಲಾಮು ಹಚ್ಚಿದ್ರೆ ಗೆಲುವು ಜಾರುತ್ತೆ ಅಂದ್ರು."

ಮರುದಿನ ಬೆಳಕು ಹರಿಯುವ ಮುನ್ನವೇ ಬಾವಿಯ ಬಳಿ ನೀರಿನ ಸದ್ದು ಕೇಳಿತು. ಮೊದಲು ನುಕಾದಾನ ಅಂಗಿಯೊಂದನ್ನೇ ಒಗೆಯೋಣ ಎಂದುಕೊಂಡಿದ್ದಳು ತೊಮೆ. ಆದರೆ ನೀರಿಗಿಳಿದ ಕೈ ಒಂದಕ್ಕೆ ನಿಲ್ಲುತ್ತದೆಯೇ? ಕ್ಯಾಚರ್ ಹಸುನುಮಾನ ಕುತ್ತಿಗೆಪಟ್ಟಿಯೂ ಮರದ ತೊಗಟೆಯಾಗಿತ್ತು. ಸೂರ್ಯ ಹುಟ್ಟುವಾಗ ಇಪ್ಪತ್ತೆರಡೂ ಜೊತೆ ಹಿಂಡಿಯಾಗಿತ್ತು. ಗಳಕ್ಕೆ ಹಾಕಿದರೆ ಊರೇ ನೋಡುತ್ತದೆ. ಕಾರ್ಖಾನೆಯ ಬಾಯ್ಲರ್ ಕೋಣೆಯ ಬಿಸಿ ಕೊಳವೆಗಳ ಮೇಲೆ ಹರವಿದಳು. ಬಾಯ್ಲರಿನ ಮುದುಕನಿಗೆ ಕಿವಿಯೂ ಮಂದ, ಕುತೂಹಲವೂ ಮಂದ.

ಒಣಗಿದ ಮೇಲೆ ಅಸಲು ಕಷ್ಟ ಶುರುವಾಯಿತು. ಮೂವತ್ತು ವರ್ಷ ಕಲೆ ತೆಗೆದವಳು ಈಗ ಕಲೆ ಹಾಕಬೇಕು! ಅಕ್ಕಿಗಂಜಿಗೆ ಮೈದಾನದ ಮಣ್ಣು ಕಲಸಿ, ಹಳೆಯ ಕುಂಚ ಹಿಡಿದು, ಕಣ್ಣು ಮುಚ್ಚಿ ನೆನಪಿಸಿಕೊಂಡು ಒಂದೊಂದೇ ಬಳಿದಳು. ಯಾವ ಕಲೆ ಯಾರ ಮೈಮೇಲೆ ಎಲ್ಲಿದೆ ಎಂಬುದು ಮಕ್ಕಳ ಮಚ್ಚೆಯಂತೆ ಅವಳಿಗೆ ಬಾಯಿಪಾಠ. ಹಸುನುಮಾನ ಹೊಟ್ಟೆಯ ಮೇಲೆ ಕ್ಯೂಶೂ ದ್ವೀಪದ ಆಕಾರದ್ದು, ನುಕಾದಾನ ಬಲ ಮೊಣಕಾಲಿಗೆ ಹುರಿದ ಮೊಟ್ಟೆಯಂಥದ್ದು. ಕೊನೆಗೆ ವಾಸನೆ. ಅದಕ್ಕೆ ಕಾರ್ಖಾನೆಯ ಮೀನಿನ ಉಪ್ಪುನೀರನ್ನು ಬೆರಳಲ್ಲಿ ಚಿಮುಕಿಸಿದಳು. ಚಿಮುಕಿಸುವಾಗ ಮುಖ ಆಚೆ ತಿರುಗಿಸಿಕೊಂಡಳು. ತನ್ನ ಕೈ ಮಾಡುವುದನ್ನು ತಾನೇ ನೋಡಲಾರದಾಗಿದ್ದಳು.

ಆ ಮಧ್ಯಾಹ್ನ ಆಟ ಶುರುವಾಗುವ ಮೊದಲೇ ಅವಳು ಮೈದಾನದ ಬೇಲಿಯ ಪಕ್ಕ ಬಂದು ಕೂತಳು. ಯಜಮಾನನ ಮಾತನ್ನು ನಗೆಯಾಡಿದವಳಿಗೂ ಒಳಗೊಳಗೇ ಒಂದು ಅಳುಕು. ಒಂದು ವೇಳೆ ನಿಜವಾಗಿದ್ದರೆ? ಗೆಲುವನ್ನು ನಾನೇ ಬಾವಿಕಟ್ಟೆಯ ಮೋರಿಗೆ ಹರಿಯಬಿಟ್ಟಿದ್ದರೆ? ಸೋತರೆ ಕೋಣೆ ಹೋಗುತ್ತದೆ, ಹೋಗಲಿ. ಆದರೆ ಯುದ್ಧದ ಮೇಲೆ ಮೊದಲ ಸಲ ನಗುತ್ತಿರುವ ಊರಿನ ಬಾಯಿಗೆ ಮಣ್ಣು ಹಾಕಿದವಳು ನಾನೇ ಎಂದು ನನಗಂತೂ ಗೊತ್ತಿರುತ್ತದೆ. ಪಕ್ಕದಲ್ಲಿ ಕೂತ ಸೆಂಗೊರೊ ಮೂಗರಳಿಸಿದ.

"ತೊಮೆಕ್ಕ, ಇವತ್ತು ವಾಸನೆ ಯಾಕೋ ಬೇರೆ ಥರ ಇದೆ. ಸ್ವಲ್ಪ... ರುಚಿಯಾಗಿದೆ."

"ನಿನಗೆ ಹಸಿವಾಗಿರ್ಬೇಕು. ಬಾಯ್ಮುಚ್ಚಿ ಆಟ ನೋಡು."

ಬೂತಾಯಿಗಳು ಒಂಬತ್ತು ಓಟಗಳಿಂದ ಗೆದ್ದರು. ನುಕಾದಾ ಕೈ ಬೀಸಿದ ಬೀಸಿಗೆ ಅವತ್ತಿನ ಎದುರಾಳಿ ಸಿಂಹಗಳೂ ಬೆಕ್ಕಾದವು. ಹೀಗೆ ಬೆಳಿಗ್ಗೆ ಒಗೆದು, ಮಧ್ಯಾಹ್ನದೊಳಗೆ ಕೊಳೆ ಮಾಡಿ, ಸಂಜೆಯ ತನಕ ಜೀವ ಕೈಯಲ್ಲಿ ಹಿಡಿದು ಅವಳು ಹತ್ತು ಆಟ ಕಳೆದಳು. ಹತ್ತೂ ಗೆಲುವು. ಮೊದಲಿನ ಆರು ಸೇರಿ ಹದಿನಾರು. ಅತ್ತ ಗಿಡುಗಗಳು ಮುಗ್ಗರಿಸಿ ಮುಗ್ಗರಿಸಿ ಸಮಕ್ಕೆ ಬಂದು ನಿಂತವು. ಉಳಿದದ್ದು ಒಂದೇ ಆಟ, ಮಿನಾಸೆಯಲ್ಲಿ, ಗಿಡುಗಗಳ ಎದುರೇ. ಗೆದ್ದವರಿಗೆ ಲೀಗಿನ ಧ್ವಜ.

ಅವತ್ತು ಮೀನಿನ ಮಾರುಕಟ್ಟೆ ಮುಚ್ಚಿತು, ಶಾಲೆ ಮುಚ್ಚಿತು, ಹಲ್ಲಿನ ವೈದ್ಯರು ಅರ್ಧ ಕಿತ್ತ ಹಲ್ಲನ್ನು ಹಾಗೇ ಬಿಟ್ಟು ರೋಗಿಯ ಜೊತೆಗೇ ಮೈದಾನಕ್ಕೆ ಬಂದರು. ಏಳನೆಯ ಇನ್ನಿಂಗ್ಸಿನ ಹೊತ್ತಿಗೆ ಗಿಡುಗಗಳದು ಎರಡು ಓಟ, ನಮ್ಮವರದು ಒಂದು. ಆಗ ಕಡಲ ಕಡೆಯಿಂದ ಮಳೆ ಬಂತು. ಜೋರಿನದಲ್ಲ, ಆಟ ನಿಲ್ಲಿಸುವಷ್ಟಲ್ಲ, ಗಂಜಿ ಕರಗುವಷ್ಟು.

ಬೇಲಿಯ ಪಕ್ಕ ಕೂತ ತೊಮೆ ಅಂಗಿಗಳ ಮೇಲಿಂದ ಕಣ್ಣು ಕೀಳಲಿಲ್ಲ.

ಮೊದಲು ಕ್ಯೂಶೂ ದ್ವೀಪ ಕರಗಿ ಹಸುನುಮಾನ ತೊಡೆಗಿಳಿದು ಹೋಯಿತು. ನುಕಾದಾನ ಮೊಣಕಾಲಿನ ಮೊಟ್ಟೆ ಹರಿಯಿತು. ಲೋಕದ ಬಟ್ಟೆಗಳೆಲ್ಲ ಮಳೆಗೆ ಕೆಸರಾದರೆ, ಬೂತಾಯಿಗಳು ಮಾತ್ರ ಕ್ಷಣಕ್ಷಣಕ್ಕೂ ಬೆಳ್ಳಗಾಗುತ್ತಿದ್ದರು. ಒಂಬತ್ತು ಜನ ಒಬ್ಬರನ್ನೊಬ್ಬರು ದೆವ್ವ ಕಂಡವರಂತೆ ನೋಡಿಕೊಂಡರು. ಮೂರನೆಯ ಬೇಸ್‌ನವನು ತನ್ನ ತೋಳನ್ನು ಮೂಸಿ ನೋಡಿ ಅಳುವಂತಾದ. ಕುರೊಮಿಜು ಆಟ ನಿಲ್ಲಿಸಲು ಕೈಯೆತ್ತಿ, ಬಲಗಾಲು ಎಡಗಾಲು ಯಾವುದನ್ನೂ ನೋಡದೆ ನೇರ ಬೇಲಿಯ ಬಳಿ ಬಂದ.

"ತೊಮೆ. ಏನಿದು?"

"ಮಳೆ, ಯಜಮಾನ್ರೇ."

"ಆಟ ಆಡ್ಬೇಡ."

ತೊಮೆ ಎದ್ದು ನಿಂತು ಸೊಂಟ ಬಗ್ಗಿಸಿದಳು. "ನಾನೇ ಒಗೆದೆ. ಹುಡುಗರಿಗೆ ಗೊತ್ತಿಲ್ಲ. ಅವರ ಮೈ ಸುಲೀತಿತ್ತು, ನೋಡೋಕಾಗ್ಲಿಲ್ಲ. ಗಂಟು ಕಟ್ಟಿ ಇಟ್ಟಿದ್ದೀನಿ, ಆಟ ಮುಗಿದ ತಕ್ಷಣ ಹೊರಡ್ತೀನಿ."

"ಎಷ್ಟು ದಿನದಿಂದ?"

"ಹತ್ತು."

"ಹತ್ತು ದಿನಾನಾ!"

"ಹತ್ತು ಗೆಲುವು, ಯಜಮಾನ್ರೇ. ಒಗೆಯದೆ ಬರೀ ಆರು."

ಕುರೊಮಿಜುವಿನ ತುಟಿ ಅಲುಗಿತು. ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹತ್ತು, ಆರು. ಹತ್ತು ದೊಡ್ಡದು. ಮಹಾನ್ ಧರ್ಮಗಳು ಹುಟ್ಟಲು ಶತಮಾನ ಹಿಡಿಯುತ್ತದೆ ಎನ್ನುತ್ತಾರೆ. ಕುರೊಮಿಜು ಗೆನ್‌ಪಾಚಿ ಹಳೆಯದನ್ನು ಬಿಟ್ಟು ಹೊಸದಕ್ಕೆ ಸೇರಲು ಮೂರು ಉಸಿರು ಸಾಕಾಯಿತು.

"ಎಲ್ಲಾನೂ ಒಗೆದ್ಯಾ?" ಪಿಸುಮಾತಿನಲ್ಲಿ ಕೇಳಿದ. "ಒಂದನ್ನೂ ಬಿಡದೆ?"

"ನಿಮ್ಮ ಟೋಪಿ ಒಂದು ಬಿಟ್ಟು. ಅದನ್ನ ನೀವು ಮಲಗೋವಾಗ್ಲೂ ತೆಗೆಯಲ್ಲ."

ಅವನ ಮುಖ ಬಿಳಿಚಿತು. ಸಿಡಿಲಿನಂಥ ಸತ್ಯ ಹೊಳೆದಿತ್ತು: ಈ ಮೈದಾನದಲ್ಲಿ ಗೆಲುವಿಗೆ ಅಡ್ಡವಾಗಿರುವ ಕೊಳೆ ತನ್ನ ತಲೆಯ ಮೇಲೇ ಕೂತಿದೆ! ಟೋಪಿಯನ್ನು ಕಿತ್ತು ಬೇಲಿಯ ಮೇಲಿಂದ ಚಾಚಿದ. ಬೋಳುತಲೆಯ ಮೇಲೆ ಮಳೆ ಟಪಟಪ ಬಿತ್ತು.

"ಒಗಿಯಮ್ಮ! ಈಗ್ಲೇ ಒಗಿ! ನಿನ್ನ ಕಾಲಿಗೆ ಬೀಳ್ತೀನಿ!"

ಬೆಂಕಿ ಆರಿಸಲು ಇಟ್ಟಿದ್ದ ಬಕೆಟ್ಟಿಗೆ ತೊಮೆ ಕೈಯಿಳಿಸಿದಳು. ಸೋಪು ಅವಳ ಸೊಂಟಪಟ್ಟಿಯಲ್ಲಿ ಯಾವತ್ತೂ ಇರುತ್ತಿತ್ತು. ಹನ್ನೆರಡು ಸಾವಿರ ಜನ ಉಸಿರು ಬಿಗಿಹಿಡಿದು ಒಂದು ಟೋಪಿ ಒಗೆಯುವುದನ್ನು ನೋಡಿದರು. ಬಕೆಟ್ಟಿನ ನೀರು ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಅದಕ್ಕೆ ಹೆಸರಿಡುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ಸಲ ನೀರು ಬದಲಾಯಿತು. ಅಂಪೈರ್ ಗಡಿಯಾರ ನೋಡಲು ಹೋಗಿ, ತನಗೂ ಕುತೂಹಲವಾಗಿ, ಸುಮ್ಮನಾದ. ಕೊನೆಗೆ ಅವಳು ಟೋಪಿಯನ್ನು ಕೊಡವಿ ಎತ್ತಿ ಹಿಡಿದಾಗ ಊರಿಗೆ ಊರೇ ಗುಲ್ಲೆದ್ದಿತು. ಅದು ನೀಲಿ ಬಣ್ಣದ್ದೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ಎಂಟನೆಯದು ಹಾಗೇ ಕಳೆಯಿತು. ಕೊನೆಯದಾದ ಒಂಬತ್ತನೆಯ ಇನ್ನಿಂಗ್ಸಿನಲ್ಲಿ, ಮೂವರಲ್ಲಿ ಇಬ್ಬರು ಔಟಾದ ಮೇಲೆ ನುಕಾದಾ ಹೊಡೆದ ಚೆಂಡು ಗೋಡೆಗೆ ಬಡಿಯಿತು. ಬೇಸ್‌ಗಳ ಮೇಲಿದ್ದ ಇಬ್ಬರಲ್ಲಿ ಮೊದಲನೆಯವನು ಓಡಿ ಬಂದು ಸಮ ಮಾಡಿದ. ಹಿಂದೆಯೇ ಹಸುನುಮಾ ಕ್ವಿಂಟಲ್ ತೂಕವನ್ನು ಗಾಳಿಗೆಸೆದು, ಹೊಟ್ಟೆಯ ಮೇಲೆ ಕೆಸರಲ್ಲಿ ಜಾರುತ್ತ ಬಂದು ಓಟ ಮುಗಿಯುವ ಹೋಮ್ ಬೇಸ್ ಮುಟ್ಟಿದ. ಔಟಲ್ಲ ಎಂದು ಅಂಪೈರ್ ಎರಡೂ ಕೈ ಅಗಲಿಸಿದ. ಮೂರಕ್ಕೆ ಎರಡು. ಧ್ವಜ ಮಿನಾಸೆಯದು!

ಹುಡುಗರು ಪದ್ಧತಿಯಂತೆ ಯಜಮಾನನನ್ನು ಹೊತ್ತು ಮೂರು ಸಲ ಆಕಾಶಕ್ಕೆಸೆದು ಹಿಡಿದರು. ನಾಲ್ಕನೆಯ ಸಲಕ್ಕೆ ಅವನು "ನಾಲ್ಕು ಬೇಡ್ರೋ!" ಎಂದು ಕಿರುಚಿ ಇಳಿದವನು ಬೇಲಿಯ ಕಡೆ ಕೈ ತೋರಿಸಿದ. ತೊಮೆ ಓಡಲು ನೋಡಿದಳು. ಆ ಪುಟ್ಟ ಕಾಲಿಗೆ ಎಷ್ಟು ಓಟ ಬಂದೀತು? ಮರುಕ್ಷಣ ಅವಳು ಮೇಲೆ ಹಾರುತ್ತಿದ್ದಳು.

"ಬಿಡ್ರೋ ಕೋತಿಗಳಾ! ನುಕಾದಾ, ಕೈ ನೋಯುತ್ತೆ, ಬಿಡೋ!"

"ವಾಸಿಯಾಗಿದೆ ಚಿಕ್ಕಮ್ಮ! ನೋಡು!" ಎನ್ನುತ್ತ ಅವನು ಇನ್ನೂ ಒಂದು ಗೇಣು ಮೇಲೆಸೆದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ವಿಜಯದ ಮೆರವಣಿಗೆ ಎಂದು ನಗರಾಧ್ಯಕ್ಷರು ಊರಿಗೆಲ್ಲ ಸಾರಿದ್ದರು. ಹತ್ತಾಯಿತು, ಹತ್ತೂವರೆಯಾಯಿತು. ಹೂವು ಕಟ್ಟಿದ ಲಾರಿಗಳು ನಿಂತಿದ್ದವು, ವಾದ್ಯದವರು ನಿಂತಿದ್ದರು, ಇಡೀ ಊರು ರಸ್ತೆಯ ಎರಡೂ ಬದಿಗೆ ನಿಂತಿತ್ತು. ಆಟಗಾರರು ಒಳಚಡ್ಡಿಯಲ್ಲಿ ಸಾಲಾಗಿ ಬಾವಿಕಟ್ಟೆಯ ಮೇಲೆ ಕೂತಿದ್ದರು. ಬಿದಿರ ಗಳದ ಉದ್ದಕ್ಕೂ ಇಪ್ಪತ್ತೆರಡು ಜೊತೆ ಬಟ್ಟೆ ಬಹಿರಂಗವಾಗಿ, ಬಿಸಿಲಿನಲ್ಲಿ, ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ಆಡುತ್ತಿತ್ತು. ಕುರೊಮಿಜು ಖುದ್ದಾಗಿ ಬೀಸಣಿಗೆ ಹಿಡಿದು ಕಾಲರುಗಳಿಗೆ ಗಾಳಿ ಹಾಕುತ್ತಿದ್ದ.

ನಗರಾಧ್ಯಕ್ಷರು ಉದ್ದ ಕೋಟಿನಲ್ಲಿ ಬೆವರುತ್ತ ಬಂದರು. "ತೊಮೆಯವರೇ, ರಾಜ್ಯಪಾಲರು ಕಾಯ್ತಿದ್ದಾರೆ. ಸ್ವಲ್ಪ ಹಸಿ ಇದ್ರೂ ನಡೆಯಲ್ವೇ?"

ತೊಮೆ ನುಕಾದಾನ ಅಂಗಿಯ ಕಂಕುಳನ್ನು ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ಅವಳ ಕಣ್ಣು ನಗರಾಧ್ಯಕ್ಷರ ಕಾಲರಿನ ಮೇಲೆ ನಿಂತಿತು.

"ಇನ್ನೂ ಇಪ್ಪತ್ತು ನಿಮಿಷ ಬೇಕು," ಎಂದಳು. "ಅಷ್ಟರಲ್ಲಿ ನೀವೂ ಅದನ್ನ ಬಿಚ್ಚಿ ಕೊಡಿ."