ಫ್ರಿಜ್ಜಿಗೆ ಹೋಗದ ಕುರಿ

ದೊಡ್ಡಮ್ಮನ ಮಂಡಿ ಆಪರೇಷನ್ ಚೆನ್ನಾಗಿ ಆಯಿತು. ಇಂಥ ಸಂದರ್ಭಗಳಲ್ಲಿ ನಮ್ಮ ಮನೆಯವರು ಭಾನುವಾರ ಚರ್ಚಿನಲ್ಲಿ ಒಂದು ಕಾಣಿಕೆ ಕವರು ಹಾಕಿ, ಹೆಸರು ಓದಿಸಿ, ಮನೆಗೆ ಬಂದು ಉಂಡು ಮಲಗುತ್ತಾರೆ. ಆದರೆ ಹಾಸಿಗೆ ಹಿಡಿದಿದ್ದಾಗ ದೊಡ್ಡಮ್ಮ ಬೇರೆ ಕೆಲಸವಿಲ್ಲದೆ ಬೈಬಲಿನ ಯಾಜಕಕಾಂಡವನ್ನು ಓದಿಬಿಟ್ಟಿದ್ದರು. ಇಸ್ರಾಯೇಲ್ಯರು ಯಾವ ಪ್ರಾಣಿಯನ್ನು ಹೇಗೆ ಬಲಿ ಕೊಡಬೇಕೆಂದು ಹೇಳುವ ಆ ಪುಸ್ತಕವನ್ನು ನಮ್ಮ ಸಭೆಯಲ್ಲಿ ಪೂರ್ತಿ ಓದಿದವರು ಬಹುಶಃ ಅವರೊಬ್ಬರೇ. ಪಾಸ್ಟರ್ ಬಗ್ಗೆಯೂ ನನಗೆ ಅನುಮಾನವಿದೆ.

ಕೃತಜ್ಞತೆಗೆಂದು ಕೊಟ್ಟ ಕುರಿಯನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸಬಾರದು, ಬಲತೊಡೆ ಯಾಜಕನಿಗೆ. ಇದು ಅವರ ತಲೆಗೆ ಹೊಕ್ಕಿತು.

"ಬಲಿ ಎಲ್ಲಾ ಯೇಸುವಿನ ಜೊತೆಗೇ ಮುಗೀತಲ್ವಾ ದೊಡ್ಡಮ್ಮ?" ಎಂದೆ.

"ಬಲಿ ಮುಗೀತು ಕಣೇ, ಕುರಿ ಮುಗೀತಾ? ಸಾರು ಮಾಡ್ತೀನಿ. ಉಳಿಸಲ್ಲ, ಅಷ್ಟೇ."

ಶನಿವಾರ ಗಂಗಾನಗರದ ಮಟನ್ ಅಂಗಡಿಯಲ್ಲಿ ಇಡೀ ಕುರಿ ಕೊಂಡು, ಬಲತೊಡೆ ಬೇರೆ ಕಟ್ಟಿಕೊಡಿ ಎಂದೆ. ಅಂಗಡಿಯವನು, "ಯಾಕಮ್ಮಾ, ಚಪ್ಪಲಿ ಹಾಕಿಸ್ತೀರಾ?" ಎಂದು ನಕ್ಕ.

ಆಟೋದಲ್ಲಿ ದೊಡ್ಡಮ್ಮನನ್ನೂ ತೊಡೆಯನ್ನೂ ಪಾಸ್ಟರ್ ಮನೆಗೆ ಕರೆದೊಯ್ದೆ. ತೊಡೆಯನ್ನು ಕಂಡ ಪಾಸ್ಟರ್ ಹಿಂದೆ ಸರಿದರು. "ಯೂರಿಕ್ ಆಸಿಡ್ ಸಿಸ್ಟರ್, ಮಟನ್ ಬಿಡಿ ಅಂದಿದಾರೆ ಡಾಕ್ಟ್ರು. ಬೇಕಾದ್ರೆ ಕಾಣಿಕೆ ಕೊಡಿ, ತೊಂದ್ರೆ ಇಲ್ಲ."

"ಕಾಣಿಕೆಯಿಂದ ಯೂರಿಕ್ ಆಸಿಡ್ ಏರಲ್ವಾ ಅಯ್ಯನೋರೆ?" ಎಂದು ದೊಡ್ಡಮ್ಮ ತುಂಬ ವಿನಯದಿಂದ ಕೇಳಿದರು. ತೊಡೆ ವಾಪಸ್ ಬಂದು ಹಂಡೆ ಸೇರಿತು.

ಮಧ್ಯಾಹ್ನ ನಾವೆಲ್ಲ ಏದುಸಿರು ಬರುವಷ್ಟು ತಿಂದರೂ ಹಂಡೆ ಅರ್ಧಕ್ಕಿಳಿಯಲಿಲ್ಲ. ಫ್ರಿಜ್ ಕಡೆ ನೋಡಿದರೂ ದೊಡ್ಡಮ್ಮ ಗದರುತ್ತಿದ್ದರು. ಪಾತ್ರೆ ಹೊತ್ತು ಬೀದಿಗಿಳಿದೆ. ಎದುರು ಮನೆಯಾಕೆ, "ಅಯ್ಯೋ, ಶ್ರಾವಣ ಶನಿವಾರ ಕಣ್ರೀ!" ಎಂದು ಬಾಯಿ ಮುಚ್ಚಿಕೊಂಡರು. ಅವರ ಹಿಂದೆ ನಿಂತಿದ್ದ ಯಜಮಾನರು ಕೊನೆ ಬಸ್ಸು ತಪ್ಪಿಸಿಕೊಂಡವರ ಹಾಗೆ ನನ್ನ ಪಾತ್ರೆಯನ್ನೇ ನೋಡುತ್ತಿದ್ದರು. ಹಿಂದಿನ ಬೀದಿಯ ಸಾಬರ ಮನೆಯವರು ಸಂತೋಷದಿಂದ ತೆಗೆದುಕೊಂಡರು, ಆದರೆ ಖಾಲಿ ಪಾತ್ರೆ ಕೊಡಬಾರದೆಂದು ಶಾವಿಗೆ ಪಾಯಸ ತುಂಬಿ ಕಳಿಸಿದರು. ಕಟ್ಟಡದ ಕೆಲಸದವರು ನಿಂತಲ್ಲೇ ಉಂಡರು. ಆಗ ನನಗೆ ಆ ಹಳೆಯ ಕಾನೂನಿನ ಮರ್ಮ ಹೊಳೆಯಿತು. ಮನುಷ್ಯನ ಜಿಪುಣತನ ಬಲ್ಲ ದೇವರು ದಾನ ಮಾಡು ಎಂದು ಅಂಗಲಾಚಲಿಲ್ಲ, ಉಳಿಸಬೇಡ ಎಂದ. ಒಂದು ಕುರಿಯನ್ನು ಒಂದೇ ದಿನದಲ್ಲಿ ಯಾವ ಜಿಪುಣ ತಾನೇ ಒಬ್ಬನೇ ತಿಂದಾನು?

ಸಂಜೆಗೆ ಒಂದು ಡಬರಿಯಷ್ಟು ಉಳಿಯಿತು. ಕೊಡದೆ ಉಳಿದದ್ದು ಪಕ್ಕದ ಮನೆ ಒಂದೇ. ಆ ಗಂಡಹೆಂಡತಿ ನಮ್ಮ ಚರ್ಚಿನವರೇ. ನಮ್ಮ ಗೇಟಿಗೆ ಅಡ್ಡ ಅವರು ಕಾರು ನಿಲ್ಲಿಸಿದ ಜಗಳದಲ್ಲಿ ಮಾತು ಬಿಟ್ಟು ವರ್ಷಗಳಾಗಿದ್ದವು. ದೊಡ್ಡಮ್ಮ ವಾಕರ್ ಊರಿಕೊಂಡು ತಾವೇ ಹೊರಟರು.

ಬಾಗಿಲು ತೆಗೆದ ಅಂಕಲ್‌ಗೆ, "ಪ್ರೀತಿಯಿಂದ ತಂದಿದೀನಿ ಅಂದ್ಕೋಬೇಡಿ. ಬೆಳಗಾಗೋದ್ರೊಳಗೆ ಖಾಲಿ ಆಗ್ಬೇಕು," ಎಂದರು.

ಅಂಕಲ್ ಡಬರಿ ತೆಗೆದುಕೊಂಡು, ಅಲ್ಲೇ ಬೆರಳದ್ದಿ ನೆಕ್ಕಿದರು. "ಉಪ್ಪು ಕಮ್ಮಿ."

"ಬದಲಾಯಿಸಿರೋದು ಮಂಡಿ, ಕೈಯಲ್ಲ."

ಒಳಗಿಂದ ಆಂಟಿ, "ಯಾವ ಡಾಕ್ಟರು ಮಾಡಿದ್ದು? ನನಗೂ ಮಾಡಿಸ್ಬೇಕು, ಒಳಗೆ ಬನ್ನಿ," ಎಂದು ಕೂಗಿದರು.

ಮಾರನೆಯ ದಿನ ದೊಡ್ಡಮ್ಮ ಅದೇ ಕಾರಿನಲ್ಲಿ ಚರ್ಚಿಗೆ ಬಂದರು. ಪಾಸ್ಟರ್ ಉದಾರತೆಯ ಬಗ್ಗೆ ಪ್ರಸಂಗ ಮಾಡುತ್ತಿದ್ದಷ್ಟು ಹೊತ್ತೂ ದೊಡ್ಡಮ್ಮ, ಆಂಟಿ ಇಬ್ಬರೂ ಹಿಂದಿನ ಬೆಂಚಿನಲ್ಲಿ ಫಿಸಿಯೋಥೆರಪಿಯವನನ್ನು ಬೈಯುತ್ತಿದ್ದರು.