ಅತ್ತೆಯವರೂ ದೆವ್ವದಪ್ಪನ ಸಮಗ್ರ ಚಿತ್ರಗಳೂ

ನನಗೆ ದೆವ್ವದ ಸಿನಿಮಾ ಎಂದರೆ ಬಹಳ ಇಷ್ಟ, ದೆವ್ವ ಎಂದರೆ ಬಹಳ ಭಯ. ಎರಡನ್ನೂ ಸರಿತೂಗಿಸಲು ನಾನು ಕಂಡುಕೊಂಡಿರುವ ಉಪಾಯ ಹಗಲು ಹೊತ್ತಿನಲ್ಲಿ ನೋಡುವುದು. ಭಾನುವಾರ ಮಧ್ಯಾಹ್ನ ಕೊಟ್ಟೂರಿನ ಬಿಸಿಲು ಪರದೆ ದಾಟಿ ಒಳಗೆ ನುಗ್ಗುತ್ತಿರುವಾಗ, ಬೀದಿಯಲ್ಲಿ ಪ್ಲಾಸ್ಟಿಕ್ ಬಕೀಟು ಮಾರುವವನ ಮೈಕು ಒದರುತ್ತಿರುವಾಗ, ಎಂಥ ಪಿಶಾಚಿಯೂ ಹೆಚ್ಚು ಹೊತ್ತು ಗಂಭೀರವಾಗಿರಲಾರದು.

ಈ ಧೈರ್ಯದ ಮೇಲೆ ಹೋದ ವರ್ಷ ಒಂದು ಸಂಕಲ್ಪ ಮಾಡಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಮ್ಮಂಥವರಿಗೆ 'ಸಮಗ್ರ' ಎಂಬ ಮಾತಿನ ಮೇಲೆ ಮೋಹ ಜಾಸ್ತಿ. ಸಮಗ್ರ ಸಂಪುಟಗಳನ್ನು ಕೊಳ್ಳುತ್ತೇವೆ, ಕಪಾಟಿಗೆ ಶೋಭೆಯಾಗಿ ನಿಲ್ಲಿಸುತ್ತೇವೆ, ಅಲ್ಲಿಗೆ ಮುಗಿಯಿತು. ಒಬ್ಬನದನ್ನಾದರೂ ಮೊದಲಿನಿಂದ ಕೊನೆಯವರೆಗೆ ಮುಗಿಸೋಣವೆಂದು ಹೊರದೇಶದ ಒಬ್ಬ ನಿರ್ದೇಶಕನನ್ನು ಹಿಡಿದೆ. ಜೀವಮಾನವಿಡೀ ಮಾಯಾಲೋಕ, ಭೂತ, ಪ್ರೇತ ಬಿಟ್ಟು ಬೇರೇನನ್ನೂ ತೆಗೆಯದ ಪುಣ್ಯಾತ್ಮ. ಅವನ ಹೆಸರು ನಮ್ಮ ಅತ್ತೆಯವರ ಬಾಯಲ್ಲಿ ಹೊರಳಲಿಲ್ಲ. ಹಾಗಾಗಿ ನಮ್ಮ ಮನೆಯ ಮಟ್ಟಿಗೆ ಅವನು ದೆವ್ವದಪ್ಪ.

"ನಿಮ್ಮನ್ನ ನೋಡಾದ ಸಾಕಾಗೈತಿ, ಮ್ಯಾಲೆ ದೆವ್ವ ಬೇರೆ ನೋಡ್ಲೇನು?" ಎಂದು ನನ್ನ ಹೆಂಡತಿ ಶಾಂತಾ ಮಲಗಲು ಹೋದಳು. ಅವಳ ತಾಯಿ ಕೊಟ್ರಮ್ಮನವರು ಮಾತ್ರ ಶೇಂಗಾ ಸುಲಿಯುವ ಮೊರ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತರು.

ಅತ್ತೆ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಮಾವ ತೀರಿಕೊಂಡ ಮೇಲೆ ಅವರನ್ನು ಒಂದೇ ಚಿಂತೆ ಕಾಡುತ್ತಿತ್ತು. ನಮ್ಮ ಕಡೆ ಮಹಾನವಮಿಗೆ ಮುಂಚಿನ ಮಾನಾಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಲೆಯಲ್ಲಿ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕೂರುತ್ತೇವೆ. ಉಣ್ಣುವವರಿಗೆ ಸಂಕೋಚ ಆಗಬಾರದಲ್ಲ! ಸ್ವಲ್ಪ ಹೊತ್ತಾದ ಮೇಲೆ, ಒಳಗಿದ್ದವರಿಗೆ ಸೂಚನೆಯಾಗಲೆಂದು ಒಮ್ಮೆ ಕೆಮ್ಮಿ ಬಾಗಿಲು ತೆಗೆಯಬೇಕು. ಅತ್ತೆ ಪ್ರತಿವರ್ಷ ಒಳಗೆ ಹೋದವರೇ ಎಲೆಯ ಮೇಲೆ ಬಗ್ಗಿ, ಅನ್ನದಲ್ಲಿ ಬೆರಳು ಮೂಡಿದೆಯೇ, ಒಂದು ತುತ್ತಾದರೂ ಕಡಿಮೆಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಎಲ್ಲ ಇಟ್ಟಂತೆಯೇ ಇರುತ್ತಿತ್ತು. ಮಾವ ಬಂದಿದ್ದರೋ ಇಲ್ಲವೋ? ಸತ್ತವರು ಬರುವ ರೀತಿ ನೀತಿಗಳನ್ನೆಲ್ಲ ತಿಳಿದವನೊಬ್ಬ ಮನೆಯ ಟಿ.ವಿ.ಯಲ್ಲೇ ಸಿಗುತ್ತಾನೆಂದ ಮೇಲೆ ಅವರು ಬಿಡುತ್ತಾರೆಯೇ?

ದೆವ್ವದಪ್ಪನ ಆರಂಭದ ಚಿತ್ರಗಳಲ್ಲಿ ಕಾಡು, ಮಾತಾಡುವ ಮರ, ಬಾವಿಯೊಳಗೆ ಅಳುವ ಒಂದು ದೈತ್ಯ ಪ್ರಾಣಿ ಇವೆ. ನಾನು ಅದ್ಭುತರಸ ಎಲ್ಲಿ ಭಯಾನಕಕ್ಕೆ ಹೊರಳುತ್ತದೆ ಎಂಬುದನ್ನು ವಿವರಿಸತೊಡಗಿದೆ. ಬಾವಿ ಎಂದರೆ ಮನಸ್ಸು, ಆ ಪ್ರಾಣಿ ಎಂದರೆ ನಾವು ಅದುಮಿಟ್ಟ ಆಸೆ ಎಂದೆ. ಅತ್ತೆ ಶೇಂಗಾ ಸಿಪ್ಪೆ ಊದುತ್ತ ಕೇಳಿಸಿಕೊಂಡರು.

"ಅಂದ್ರ ಹಸದೈತಿ ಅನ್ರಿ. ಊರ ಮಂದಿ ಕಲ್ಲು ಒಗಿಯಾ ಬದ್ಲಿ ಬುಟ್ಟ್ಯಾಗ ಎಲ್ಡು ರೊಟ್ಟಿ ಇಳಿಬಿಟ್ಟಿದ್ರ ಸುಮ್ನಾಗ್ತಿತ್ತು."

ಮಧ್ಯದ ಘಟ್ಟದಲ್ಲಿ ಅವನು ಕಾಡು ಬಿಟ್ಟು ದೊಡ್ಡ ದೊಡ್ಡ ಬಂಗಲೆಗಳನ್ನು ಹೊಕ್ಕ. ವಿಮರ್ಶಕರು ಇದನ್ನು ಅವನ ಪ್ರೌಢಾವಸ್ಥೆ ಎನ್ನುತ್ತಾರೆ. "ಇಷ್ಟ್ ದೊಡ್ಡ ಮನಿ ಐತಿ, ಒಂದು ಲೈಟ್ ಹಾಕಾಕ ಏನಾಗೈತ್ರಿ ಇವ್ರಿಗೆ?" ಎಂದರು ಅತ್ತೆ. ಬಾಗಿಲು ಕಿರ್ರೆಂದಾಗಲೆಲ್ಲ ನನಗೆ ನೀರಡಿಕೆಯಾಗಿ ಅಡುಗೆಮನೆಗೆ ಹೋಗುತ್ತಿದ್ದೆ. ಆದ್ದರಿಂದ ಈ ಘಟ್ಟದ ಬಹುತೇಕ ಕ್ಲೈಮ್ಯಾಕ್ಸುಗಳನ್ನು ನಾನು ಬಲ್ಲದ್ದು ಅತ್ತೆಯವರ ಬಾಯಿಂದಲೇ. ಅವರು ಹೇಳುವುದೂ ಚುಟುಕು. "ಏನಿಲ್ರಿ, ಆ ಹೆಣಮಗಳು ಬಂದ್ಲು, ಕುತಿಗಿ ತಿರುವಿದ್ಲು, ಹೋದ್ಲು. ಆಕಿಗೂ ಎಡಿ ಹಿಡಿಯಾರು ಯಾರೂ ಇಲ್ಲ, ಪಾಪ."

ಪೇಚಾಟ ಶುರುವಾದದ್ದು ಕೊನೆಯ ಘಟ್ಟದಲ್ಲಿ. ವಯಸ್ಸಾಗುತ್ತಾ ದೆವ್ವದಪ್ಪನಿಗೆ ಸತ್ತ ಗಂಡಂದಿರ ಮೇಲೆ ಮನಸ್ಸಾಗಿರಬೇಕು. ಒಂದು ಚಿತ್ರದಲ್ಲಿ ಗಂಡ ಸತ್ತ ಮೇಲೂ ಬಂದು ಕುರ್ಚಿ ಸರಿಸುತ್ತಾನೆ, ಹೆಂಡತಿಯ ಕನ್ನಡಕ ಅಡಗಿಸುತ್ತಾನೆ. ನಾಯಕಿ ಕಿಟಾರನೆ ಕಿರುಚಿದಳು. ನಾನು ನೀರಡಿಕೆಯಿಂದ ಎದ್ದೆ. ಅತ್ತೆಯ ಕೈ ಮಾತ್ರ ಮೊರದಲ್ಲೇ ನಿಂತಿತ್ತು. ಮುಂದಿನ ವಾರದ ಚಿತ್ರದಲ್ಲೂ ಮತ್ತೊಬ್ಬ ಗಂಡ ಬಂದ.

"ನೋಡ್ರಿ, ಎಲ್ಲಾರ ಗಂಡಂದ್ರೂ ಬರ್ತಾರ. ನಿಮ್ಮ ಮಾವ ಒಂದು ತಂಬಿಗಿನೂ ಅಳ್ಳಾಡಿಸ್ಲಿಲ್ಲ. ಕನಸಿನಾಗೂ ಬರ್ಲಿಲ್ಲ. ಇಷ್ಟ್ ವರ್ಷ ಬಾಳೇವು ಮಾಡೀನಿ, ಅಷ್ಟೂ ಬ್ಯಾಡಾದ್ನೇನ್ರಿ ನಾನು?"

ಮೇಷ್ಟ್ರ ಚಾಳಿ, ಸಂಕಟವಾದರೂ ಸಿದ್ಧಾಂತವೇ ಹೊರಡುತ್ತದೆ. "ಹಂಗಲ್ರಿ ಅತ್ತಿ," ಎಂದೆ, "ಈ ಮನುಷ್ಯನ ಸಿನಿಮಾ ಅಷ್ಟೂ ನೋಡಿದ್ವಿ. ತಿರುಗಿ ಬಂದಾರೆಲ್ಲ ಏನೋ ಒಂದು ಕೊರತಿ ಇಟ್ಕಂಡು ಹೋದಾರು. ಹೊಟ್ಟಿ ತುಂಬ ಉಂಡು, ಸಮಾಧಾನವಾಗಿ ಹೋದಾತ ಒಬ್ಬಾತನಾದ್ರೂ ಬಂದಾನೇನು ಹೇಳ್ರಿ? ಮಾವಗ ನೀವು ಏನು ಕಮ್ಮಿ ಮಾಡಿರಿ, ಅವ್ರು ಬರಾಕ?" ಒಂದು ವರ್ಷದ ನನ್ನ ಸಂಶೋಧನೆಯಿಂದ ಹೊರಬಂದ ಸ್ವಂತ ವಿಚಾರ ಇದೊಂದೇ. ಅತ್ತೆಗೆ ಸಮಾಧಾನವಾಯಿತೆಂದು ನಾನು ಬೀಗಿದೆ.

ಅವರು ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಅವರ ಕಣ್ಣಲ್ಲಿ ಒಂದು ಕಿಡಿಗೇಡಿತನ ಮಿನುಗಿತು. "ಹಂಗಾದ್ರ ಈ ಸಲ ಹೋಳಿಗಿಗೆ ತುಪ್ಪ ಇಡಂಗಿಲ್ಲ. ತುಪ್ಪ ಇಲ್ದ ಹೋಳಿಗಿ ಕಂಡ್ರ ಗಂಗಾಳ ಒಗಿಯಾ ಮನುಷ್ಯ. ಹೆಂಗ ಬರಂಗಿಲ್ಲ ನೋಡೇಬಿಡೂಣು."

ಅಮಾವಾಸ್ಯೆ ಬಂತು. ಎಲೆಯ ಮೇಲೆ ಕಡುಬು, ಬದನೆಕಾಯಿ ಪಲ್ಯ, ಎರಡು ಹೋಳಿಗೆ. ತುಪ್ಪ ಮಾತ್ರ ಇಲ್ಲ. ಬಾಗಿಲು ಮುಂದೆ ಮಾಡಿ ಮೂವರೂ ಪಡಸಾಲೆಯಲ್ಲಿ ಕೂತೆವು. ಮಟಮಟ ಮಧ್ಯಾಹ್ನ, ಬೀದಿ ತುಂಬ ಜನ, ಆದರೂ ನನಗೆ ನೀರಡಿಕೆ ಶುರುವಾಯಿತು. ದೆವ್ವದಪ್ಪ ತನ್ನ ಸಮಗ್ರ ಕೃತಿಗಳಿಂದ ನನಗೆ ಇಷ್ಟು ಹೆದರಿಕೆ ಹುಟ್ಟಿಸಿರಲಿಲ್ಲ. ಮಾವನ ಸಿಟ್ಟು ಬಲ್ಲ ಶಾಂತಾ ಕೂಡ ನನ್ನ ಹತ್ತಿರಕ್ಕೆ ಸರಿದಳು. ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದರು.

ಇದ್ದಕ್ಕಿದ್ದಂತೆ ಅವರು ಎದ್ದು ಅಡುಗೆಮನೆಗೆ ಹೋಗಿ ತುಪ್ಪದ ಗಿಂಡಿ ಹಿಡಿದು ಬಂದರು. ಕೆಮ್ಮಲೂ ಇಲ್ಲ, ನೇರವಾಗಿ ಬಾಗಿಲು ತಳ್ಳಿ ಒಳನಡೆದು, ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದರು. "ಅತ್ತಿ, ಹಿಂಗ ಮಾಡಿದ್ರ ಅವ್ರು ಬರಾದು ಹೆಂಗ್ರಿ?" ಎಂದು ನಾನು ಹೊರಗಿನಿಂದಲೇ ಕೇಳಿದೆ.

ಅವರು ಫೋಟೋದ ಕಡೆ ಒಮ್ಮೆ ನೋಡಿ, ಬಾಗಿಲನ್ನು ಮೆಲ್ಲಗೆ ಮತ್ತೆ ಮುಂದೆ ಮಾಡಿದರು.

"ಬರದಿದ್ರ ಬ್ಯಾಡ ಬಿಡ್ರಿ. ಉಣ್ಲಿ."