ಗೊಂಬೆಯ ಬೆನ್ನಿಗಿದ್ದ ಕ್ಲಿಪ್ಪುಗಳು

ಹೋದ ವರ್ಷ ದೇವದುರ್ಗದಲ್ಲಿ ನಮ್ಮ ಅಕ್ಕನ ಕುಪ್ಪಸದ ಕಾರ್ಯ, ಅಂದರೆ ಸೀಮಂತ. ಬಸುರಿಯಾದ ತನ್ನ ಪಕ್ಕದಲ್ಲೇ ಕೂತು ನಾನು ಫೋಟೊ ತೆಗೆಸಿಕೊಳ್ಳಬೇಕೆಂದು ಅವಳ ಹಟ. ಮನೆಯ ಯಾವ ಫೋಟೊದಲ್ಲೂ ನಾನು ಯಾರದೋ ಹಿಂದೆ ಅಡಗಿರುತ್ತೇನೆ. ಪೂರ್ತಿ ಮರೆಯಾಗಲು ಇಬ್ಬರು ಚಿಕ್ಕಪ್ಪಂದಿರು ಬೇಕು, ಆ ಮಾತು ಬೇರೆ. ಒಳ್ಳೆಯ ಡ್ರೆಸ್ ಸಿಕ್ಕರೆ ಕೂರುತ್ತೇನೆ, ಇಲ್ಲದಿದ್ದರೆ ಒಳಗೆ ಹೋಳಿಗೆ ಲಟ್ಟಿಸುತ್ತೇನೆ ಎಂದು ಹೇಳಿ, ಅವ್ವನ ಜೊತೆ ಮಾನ್ವಿಯಿಂದ ರಾಯಚೂರಿನ ಬಸ್ಸು ಹತ್ತಿದೆ.

ಒಂದು ಅಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆಗೆ ಗಿಳಿಹಸಿರಿನ ಅನಾರ್ಕಲಿ ಹಾಕಿದ್ದರು. ನನಗೆ ಅದೇ ಬೇಕಾಯಿತು. ಅಂಗಡಿಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಈ ತುದಿಯಿಂದ ಆ ತುದಿಗೆ.

"ಅದು ನಿಮಗ ಆಗಂಗಿಲ್ರಿ ಅಕ್ಕಾ. ನಿಮ್ಮ ಸೈಜಿನವು ಮ್ಯಾಲ ಅದಾವ."

ಮೇಲೆ ನೈಟಿಗಳ ಪಕ್ಕದಲ್ಲಿ ನಮ್ಮಂಥವರಿಗೆಂದೇ ಇಟ್ಟ ಬಣ್ಣಗಳು: ಬೂದಿ, ಕಂದು, ಗೋಣಿಚೀಲ. ಒಂದನ್ನು ಹಾಕಿ ಕನ್ನಡಿ ನೋಡಿದರೆ, ಸಿರವಾರದ ರೈಸ್ ಮಿಲ್ಲಿನಿಂದ ಈಗಷ್ಟೇ ಲೋಡಾಗಿ ಬಂದ ಹಾಗಿದ್ದೆ. ಅವ್ವ ಚಂದ ಅದ ಅಂದಳು, ಗೋಡೆ ನೋಡುತ್ತಾ.

ಹೋಳಿಗೆಯೇ ಗತಿ ಎಂದು ಕೆಳಗಿಳಿದೆ. ಹೋಗುವ ಮುಂಚೆ ಆ ಹಸಿರನ್ನೊಮ್ಮೆ ಮುಟ್ಟೋಣವೆಂದು ಬಗ್ಗಿದೆ. ನನ್ನ ಬ್ಯಾಗಿನ ಪಟ್ಟಿ ಗೊಂಬೆಯ ಕೈಗೆ ಸಿಕ್ಕಿಕೊಂಡಿತು. ಎಳೆದೆ. ಗೊಂಬೆ ನನ್ನನ್ನು ತಬ್ಬಿಕೊಂಡಿತು, ಇಬ್ಬರೂ ನೆಲಕ್ಕೆ. ಅಂಗಡಿಯೇ ಅಲುಗಿತು ಎಂದು ನಾನು ಹೇಳುತ್ತೇನೆ; ಬರೀ ಗೊಂಬೆಯ ಕೈ ಕಳಚಿತು ಎಂದು ಅವ್ವ ಹೇಳುತ್ತಾಳೆ.

ಎತ್ತಲು ಬಂದ ಅವ್ವನಿಗೆ ಗೊಂಬೆಯ ಬೆನ್ನು ಕಂಡಿತು. ಅಲ್ಲಿ ಬಟ್ಟೆಯನ್ನು ಮಡಿಚಿ ಮಡಿಚಿ, ಉದ್ದಕ್ಕೂ ಕ್ಲಿಪ್ಪು ಹಾಕಿದ್ದರು. ಅವ್ವ ಒಂದೊಂದೇ ಕಿತ್ತಳು. ಡ್ರೆಸ್ ಅಗಲವಾಗುತ್ತಾ ಹೋಯಿತು, ಸರಿಯಾಗಿ ನನ್ನ ಅಳತೆಗೆ ಬಂದು ನಿಂತಿತು.

ಹುಡುಗಿ ಡ್ರೆಸ್ಸಿನ ಕೊರಳಲ್ಲಿದ್ದ ಸೈಜಿನ ಚೀಟಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಸಣ್ಣವೆಲ್ಲ ಖಾಲಿ ಆಗ್ಯಾವ್ರಿ. ದೊಡ್ಡದು ಇದೊಂದ ಯಾರೂ ಒಯ್ಲಿಲ್ಲಂತ ಗೊಂಬಿಗಿ ಹಾಕ್ಯಾರ. ನಾನೂ ನೋಡಿದ್ದಿಲ್ರಿ."

"ಒಯ್ಯಾಕ ಬಂದಾಕಿನ್ನ ನೀನ ಮ್ಯಾಲ ಕಳಿಸಿದಿಯಲ್ಲವಾ," ಎಂದಳು ಅವ್ವ.

ಹುಡುಗಿಗೆ ನಗು ತಡೆಯಲಾಗಲಿಲ್ಲ, ನನಗೂ. ಗೊಂಬೆಯ ಮೈಮೇಲಿಂದ ಅವಳೇ ಬಿಚ್ಚಿಕೊಟ್ಟಳು. ನಾನು ಮೇಲೆ ಬಿಚ್ಚಿಟ್ಟಿದ್ದ ಗೋಣಿಚೀಲವನ್ನು ಗೊಂಬೆಗೆ ಹಾಕಿದರು. ಅದಕ್ಕೂ ಒಪ್ಪಲಿಲ್ಲ.

ಕುಪ್ಪಸದ ದಿನ ಅಕ್ಕನ ಪಕ್ಕದಲ್ಲೇ ಕೂತೆ. ನಾವಿಬ್ಬರೇ ಫೋಟೊ ತುಂಬಿದೆವು. ಭಾವನ ಒಂದು ಕಿವಿ ಮಾತ್ರ ಬಂದಿದೆ.

ಈಗ ಅಂಗಡಿಗಳ ಗೊಂಬೆ ಕಂಡರೆ ಹಿಂದಕ್ಕೆ ಹೋಗಿ ಬೆನ್ನು ನೋಡುತ್ತೇನೆ. ನೋಡಿ ಪಾಪ ಅನ್ನಿಸುತ್ತದೆ. ಅವಕ್ಕೆ ಒಂದು ಉಸಿರು ಬಿಡುವ ಹಾಗಿಲ್ಲ. ನಾನು ಆರಾಮಾಗಿ ಬಿಡುತ್ತೇನೆ.